ಲೆಕ್ಕ ಅಲ್ಲಿ, ಪರದೆ ಇಲ್ಲಿ

ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳ ಎಂದರೆ ಗೊಂಬೆ. ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಹದ ಮಾಡಿಕೊಂಡು, ಬಣ್ಣ ತುಂಬುವ ಆ ಕೆಲಸದ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ, ಇನ್ನೂ ಬರಲಿ. ಆದರೆ ಗೊಂಬೆ ಮಾರಿದ ಮೇಲೆ ಬಿಲ್ ಬರೆಯಬೇಕಲ್ಲ? ಈ ಲೇಖನ ಆ ಬಿಲ್ಲಿನ ಬೆನ್ನು ಹತ್ತಿ ಹೊರಟಿದೆ.

ಕಿನ್ನಾಳದ ಒಂದು ಅಂಗಡಿಯಲ್ಲಿ ಹುಡುಗನೊಬ್ಬ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಬಿಲ್ ಟೈಪ್ ಮಾಡುತ್ತಿದ್ದಾನೆ ಎಂದುಕೊಳ್ಳಿ. ಕಂಪ್ಯೂಟರ್ ಹಳೆಯದು, ಇಂಟರ್ನೆಟ್ ಮೊಬೈಲ್ ಹಾಟ್‌ಸ್ಪಾಟಿನದು. ಪರದೆ ತುಂಬ ಟ್ಯಾಲಿ ಕಾಣುತ್ತಿದೆ, ಆದರೆ ಆ ಕಂಪ್ಯೂಟರಿನಲ್ಲಿ ಟ್ಯಾಲಿ ಇಲ್ಲವೇ ಇಲ್ಲ. ಅದು ಓಡುತ್ತಿರುವುದು ಮುಂಬೈಯ ಯಾವುದೋ ಡೇಟಾ ಸೆಂಟರಿನಲ್ಲಿ, ಅಥವಾ ಕೊಪ್ಪಳದ ಆಡಿಟರ್ ಕಚೇರಿಯ ಮೂಲೆಯಲ್ಲಿಟ್ಟ ಒಂದು ಸರ್ವರ್‌ನಲ್ಲಿ. ಇಲ್ಲಿಗೆ ಬರುತ್ತಿರುವುದು ಅದರ ಚಿತ್ರ. ಇಲ್ಲಿಂದ ಹೋಗುತ್ತಿರುವುದು ಒತ್ತಿದ ಕೀಲಿ, ಸರಿಸಿದ ಮೌಸ್, ಇಷ್ಟೇ. ಇದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎನ್ನುತ್ತಾರೆ. ಪೇಟೆಯಲ್ಲಿ ಇದು ‘ಟ್ಯಾಲಿ ಆನ್ ಕ್ಲೌಡ್’ ಎಂಬ ಹೆಸರಲ್ಲಿ ಮಾರಾಟವಾಗುತ್ತದೆ. ಕೇಳಲು ಸರಳ. ಹತ್ತು ಜನ ದಿನವಿಡೀ ತಕರಾರಿಲ್ಲದೆ ಕೆಲಸ ಮಾಡುವಂತೆ ಇದನ್ನು ಕೂಡಿಸುವುದು ಮಾತ್ರ ಪಳಗಿದ ಕೈಗಳ ಕೆಲಸ.

ಇದು ಯಾಕೆ ಬೇಕಾಯಿತು ಎನ್ನುವುದು ಗಂಗಾವತಿ ಕಡೆ ಹೋದರೆ ಚೆನ್ನಾಗಿ ತಿಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸೋನಾ ಮಸೂರಿ, ಸಾಲುಸಾಲು ರೈಸ್ ಮಿಲ್. ಮಿಲ್ ಇರುವುದು ಕಾರಟಗಿ ರಸ್ತೆಯಲ್ಲಿ, ದಲಾಲಿ ಅಂಗಡಿ ಎಪಿಎಂಸಿ ಯಾರ್ಡಿನಲ್ಲಿ, ಆಡಿಟರ್ ಕೊಪ್ಪಳದಲ್ಲಿ, ಮಾಲೀಕರು ವಾರದಲ್ಲಿ ಎರಡು ದಿನ ಬೆಂಗಳೂರಿನಲ್ಲಿ. ಲೆಕ್ಕ ಒಂದೇ, ನೋಡುವವರು ನಾಲ್ಕು ಕಡೆ. ಹಿಂದೆ ತಿಂಗಳಿಗೊಮ್ಮೆ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ನಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸುತ್ತಿದ್ದರು. ಆಡಿಟರ್ ಕಚೇರಿಯಲ್ಲಿ ಒಂದಿಷ್ಟು ತಿದ್ದುವರು, ಅದೇ ಹೊತ್ತಿಗೆ ಮಿಲ್‌ನ ಗುಮಾಸ್ತ ಇಲ್ಲಿ ಹೊಸ ವೋಚರ್ ಹಾಕುವನು. ಕೊನೆಗೆ ಎರಡು ಖಾತೆ, ಯಾವುದು ಸರಿ ಎಂಬ ಜಗಳ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಈ ಪದ್ಧತಿ ಕುಸಿಯಿತು. 11ನೇ ತಾರೀಖಿನೊಳಗೆ ಮಾರಾಟದ ವಿವರ, 20ರೊಳಗೆ ತೆರಿಗೆಯ ರಿಟರ್ನ್ ಎಂದು ಪ್ರತಿ ತಿಂಗಳೂ ಗಡುವು ಬಂದು ನಿಂತರೆ ಪೆನ್‌ಡ್ರೈವಿಗಾಗಿ ಯಾರು ಕಾಯುತ್ತಾರೆ?

ಹಾಗಾದರೆ ಎರಡೂ ಊರಿನ ಕಂಪ್ಯೂಟರ್‌ಗಳನ್ನು ಇಂಟರ್ನೆಟ್ಟಿನಲ್ಲಿ ಜೋಡಿಸಿ, ಒಂದರ ಡೇಟಾ ಫೋಲ್ಡರನ್ನು ಇನ್ನೊಂದರಿಂದ ತೆರೆದರಾಯಿತಲ್ಲ ಎಂದು ಕೇಳುವವರಿದ್ದಾರೆ. ತೆರೆಯಬಹುದು, ಕೆಲಸ ಮಾಡಲಾಗುವುದಿಲ್ಲ. ಕಾರಣ ಆ ತಂತ್ರಾಂಶಗಳ ಹುಟ್ಟಿನಲ್ಲಿದೆ. ಟ್ಯಾಲಿ ಬೆಂಗಳೂರಿನ ಕೂಸು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಸಿಗದೆ, ಗಣಿತ ಓದಿದ ಮಗ ಭರತ್ ಗೋಯೆಂಕಾ ಅವರಿಂದ ಬರೆಸಿದ್ದು. ಆಗ ಕಂಪನಿಯ ಹೆಸರು ಪ್ಯೂಟ್ರಾನಿಕ್ಸ್, ಯಂತ್ರ ಡಾಸ್ ಕಾಲದ್ದು. ಇಂದಿಗೂ ಟ್ಯಾಲಿಯ ಲೆಕ್ಕ ಕೂತಿರುವುದು ಸಾಮಾನ್ಯ ಫೋಲ್ಡರಿನಲ್ಲಿ. ಒಂದೊಂದು ಕಂಪನಿಗೆ ಅಂಕಿಯ ಹೆಸರಿನ ಒಂದು ಫೋಲ್ಡರ್, ಅದರೊಳಗೆ ಕಡತಗಳು. ಸಹಕಾರ ಸಂಘ, ದಲಾಲಿ ಅಂಗಡಿ, ನರ್ಸಿಂಗ್ ಹೋಮ್‌ಗಳಿಗೆ ಊರಿನ ಹುಡುಗರೇ ಬರೆದುಕೊಟ್ಟ ಫಾಕ್ಸ್‌ಪ್ರೋ ಮತ್ತು ಆಕ್ಸೆಸ್ ಪ್ರೋಗ್ರಾಂಗಳ ಕಥೆಯೂ ಇದೇ. ಇಲ್ಲಿ ಡೇಟಾಬೇಸ್ ಎಂದರೆ ಕಡತ. ಹುಡುಕುವುದು, ಕೂಡುವುದು, ಸೋಸುವುದು ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲೇ ನಡೆಯಬೇಕು. ಅದಕ್ಕಾಗಿ ಕಡತದ ತುಣುಕುಗಳನ್ನು ಒಂದೊಂದಾಗಿ ತರಿಸಿಕೊಳ್ಳಬೇಕು.

ಒಂದು ಚಿಕ್ಕ ಲೆಕ್ಕ ಹಾಕಿ ನೋಡೋಣ. ಒಂದು ಪಾರ್ಟಿಯ ಲೆಡ್ಜರ್ ತೆರೆಯಲು ಸಾವಿರ ಸಲ ಕಡತ ಓದಬೇಕು ಎಂದಿಟ್ಟುಕೊಳ್ಳಿ. ಒಂದೇ ಕಟ್ಟಡದ ನೆಟ್‌ವರ್ಕಿನಲ್ಲಿ ಒಂದು ಓದಿಗೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಸಾಕು. ಸಾವಿರಕ್ಕೆ ಒಂದು ಸೆಕೆಂಡು, ಗೊತ್ತೇ ಆಗುವುದಿಲ್ಲ. ಅದೇ ಕಡತ ದೂರದ ಊರಿನಲ್ಲಿದ್ದು ಹೋಗಿಬರಲು 40 ಮಿಲಿಸೆಕೆಂಡ್ ಹಿಡಿದರೆ? ಸಾವಿರಕ್ಕೆ 40 ಸೆಕೆಂಡು. ಒಂದು ಲೆಡ್ಜರಿಗೆ ಇಷ್ಟಾದರೆ ದಿನದಲ್ಲಿ ಇನ್ನೂರು ಲೆಡ್ಜರ್ ನೋಡುವವನ ಗತಿ ಏನು? ನೂರು ಎಂಬಿಪಿಎಸ್ ಲೈನ್ ಹಾಕಿಸಿಕೊಂಡರೂ ಉಪಯೋಗವಿಲ್ಲ, ಯಾಕೆಂದರೆ ಇಲ್ಲಿ ಅಡ್ಡಿಯಾಗಿರುವುದು ರಸ್ತೆಯ ಅಗಲ ಅಲ್ಲ, ಉದ್ದ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಡತಕ್ಕೆ ಬರೆಯುತ್ತಿರುವಾಗಲೇ ಲೈನ್ ಕಡಿದರೆ ಅರ್ಧ ಬರೆದ ದಾಖಲೆ, ಕೆಟ್ಟ ಇಂಡೆಕ್ಸ್, ಆಮೇಲೆ ಇಡೀ ವರ್ಷದ ಡೇಟಾ ರಿಪೇರಿ.

ರಿಮೋಟ್ ಡೆಸ್ಕ್‌ಟಾಪ್ ಈ ಗಂಟನ್ನು ಬಿಡಿಸುವ ರೀತಿ ನನಗೆ ಯಾವಾಗಲೂ ಇಷ್ಟ. ಡೇಟಾವನ್ನು ಮನುಷ್ಯನ ಬಳಿಗೆ ತರುವ ಹಟವನ್ನೇ ಅದು ಬಿಟ್ಟುಬಿಡುತ್ತದೆ. ಪ್ರೋಗ್ರಾಂ ಡೇಟಾದ ಮಗ್ಗುಲಲ್ಲೇ, ಒಂದೇ ಯಂತ್ರದಲ್ಲಿ ಓಡುತ್ತದೆ. ಸಾವಿರ ಓದು ಅಲ್ಲಿನ ಡಿಸ್ಕಿನಲ್ಲೇ ಮುಗಿಯುತ್ತದೆ. ದೂರ ಪ್ರಯಾಣ ಮಾಡುವುದು ಫಲಿತಾಂಶದ ಚಿತ್ರ ಒಂದೇ. ನಮ್ಮ ಜಿಲ್ಲೆಯವರಿಗೆ ಹೇಳಬೇಕೆಂದರೆ ಇದು ತೊಗಲುಗೊಂಬೆಯಾಟದ ಪರದೆ. 2025ರಲ್ಲಿ ಪದ್ಮಶ್ರೀ ಪಡೆದ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಆಟದಲ್ಲಿ ಗೊಂಬೆ, ದೀಪ, ಕೈಚಳಕ ಎಲ್ಲ ಪರದೆಯ ಹಿಂದೆ, ಪ್ರೇಕ್ಷಕನ ಪಾಲಿಗೆ ಬರುವುದು ಬಣ್ಣದ ನೆರಳು. ವ್ಯತ್ಯಾಸ ಇಷ್ಟೇ, ಇಲ್ಲಿ ಪ್ರೇಕ್ಷಕನೇ ಕುಳಿತಲ್ಲಿಂದ ಗೊಂಬೆ ಆಡಿಸುತ್ತಾನೆ.

ಈ ಉಪಾಯ ಹೊಸದಲ್ಲ. ರೈಲ್ವೆ ರಿಸರ್ವೇಶನ್ ಕೌಂಟರಿನಲ್ಲಿ ಬರೀ ಅಕ್ಷರ ತೋರಿಸುತ್ತಿದ್ದ ಟರ್ಮಿನಲ್‌ಗಳನ್ನು ನೋಡಿದವರಿಗೆ ಮೂಲ ಕಲ್ಪನೆ ಗೊತ್ತು. ಆದರೆ ವಿಂಡೋಸ್ ಹುಟ್ಟಿದ್ದು ಒಂದು ಯಂತ್ರಕ್ಕೆ ಒಬ್ಬನೇ ಒಡೆಯ ಎಂಬ ನಂಬಿಕೆಯಲ್ಲಿ. ಅದನ್ನು ಮುರಿದವರು ಸಿಟ್ರಿಕ್ಸ್‌ನವರು. ಐಬಿಎಂ ಬಿಟ್ಟುಬಂದ ಎಡ್ ಇಯಾಕೊಬುಚಿ 1989ರಲ್ಲಿ ಶುರು ಮಾಡಿದ ಈ ಕಂಪನಿ ಮೈಕ್ರೋಸಾಫ್ಟಿನಿಂದಲೇ ಅನುಮತಿ ಪಡೆದು ವಿಂಡೋಸ್ ಎನ್‌ಟಿಯ ಕರುಳಿಗೆ ಕೈ ಹಾಕಿತು. ಒಂದೇ ಯಂತ್ರದಲ್ಲಿ ಹಲವರಿಗೆ ಬೇರೆ ಬೇರೆ ಡೆಸ್ಕ್‌ಟಾಪ್ ಕೊಡುವ ವಿನ್‌ಫ್ರೇಮ್ 1995ರಲ್ಲಿ ಬಂತು. 1997ರಲ್ಲಿ ಮೈಕ್ರೋಸಾಫ್ಟ್ ಆ ತಂತ್ರಜ್ಞಾನವನ್ನು ಹಣ ಕೊಟ್ಟು ಪಡೆಯಿತು, 1998ರಲ್ಲಿ ತನ್ನದೇ ಟರ್ಮಿನಲ್ ಸರ್ವರ್ ಹೊರತಂದಿತು. ಇಂದು ಎಲ್ಲರ ಬಾಯಲ್ಲಿರುವ ಆರ್‌ಡಿಪಿ, ಅಂದರೆ ರಿಮೋಟ್ ಡೆಸ್ಕ್‌ಟಾಪ್ ಪ್ರೋಟೊಕಾಲ್, ಅಲ್ಲಿಂದ ಬಂದದ್ದು. ಮೋಡೆಮ್ ಕಿರುಗುಟ್ಟುತ್ತಿದ್ದ ಕಾಲದಲ್ಲಿ ಹುಟ್ಟಿದ್ದರಿಂದ ಅದಕ್ಕೆ ಮೊದಲಿನಿಂದಲೂ ಜಿಪುಣತನ ಮೈಗೂಡಿದೆ. ಪರದೆಯಲ್ಲಿ ಬದಲಾದ ಭಾಗವನ್ನಷ್ಟೇ ಕಳಿಸುತ್ತದೆ. ಒಮ್ಮೆ ಕಳಿಸಿದ ಐಕಾನನ್ನು, ಅಕ್ಷರದ ಆಕಾರವನ್ನು ಈ ಕಡೆಯೇ ಜೋಪಾನ ಮಾಡಿಟ್ಟು ಮತ್ತೆ ಬೇಕಾದಾಗ ಹೆಸರಿಟ್ಟು ಕರೆಯುತ್ತದೆ. ವೋಚರ್ ತುಂಬುವಾಗ ಪರದೆಯಲ್ಲಿ ಬದಲಾಗುವುದು ನಾಲ್ಕು ಅಂಕಿ, ಒಂದು ಹೆಸರು. ಆದ್ದರಿಂದಲೇ ವಿಡಿಯೊ ನೋಡಲಾಗದಷ್ಟು ಸೊರಗಿದ ಸಿಗ್ನಲ್ಲಿನಲ್ಲೂ ಲೆಕ್ಕ ಬರೆಯಬಹುದು.

ಇನ್ನು ಕಸುಬಿನ ಮಾತು. ಸರ್ವರ್ ಬಾಡಿಗೆಗೆ ತೆಗೆದುಕೊಂಡು, ಟ್ಯಾಲಿ ಹಾಕಿ, ಹತ್ತು ಬಳಕೆದಾರರ ಹೆಸರು ಸೇರಿಸಿದರೆ ಕೆಲಸ ಮುಗಿಯಿತು ಎಂದುಕೊಂಡವನು ಮೊದಲ ವಾರದಲ್ಲೇ ಬೈಸಿಕೊಳ್ಳುತ್ತಾನೆ. ಹೊರದೇಶದ ಕಂಪನಿಗಳಿಂದ ಬಾಡಿಗೆಗೆ ಬರುವ ಸರ್ವರಿನ ಗಡಿಯಾರ ಸಾಮಾನ್ಯವಾಗಿ ಗ್ರೀನಿಚ್ ಕಾಲಕ್ಕಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಹೊಡೆದ ಬಿಲ್ಲಿನ ಮೇಲೆ ನಾಲ್ಕೂವರೆ ಎಂದು ಬರುತ್ತದೆ. ಹುಷಾರಿನವನು ಮೊದಲು ಅದನ್ನು ಭಾರತೀಯ ಕಾಲಕ್ಕೆ ತಿರುಗಿಸುತ್ತಾನೆ. ಎರಡನೆಯದು ದಿನಾಂಕ. ಸರ್ವರ್ ಅಮೆರಿಕದ ಪದ್ಧತಿಯಲ್ಲಿದ್ದರೆ 04/05 ಎಂದರೆ ಮೇ ನಾಲ್ಕಲ್ಲ, ಏಪ್ರಿಲ್ ಐದು. ಹಳೆಯ ಆಕ್ಸೆಸ್ ಪ್ರೋಗ್ರಾಂ ದಿನಾಂಕವನ್ನು ವಿಂಡೋಸ್‌ನಿಂದಲೇ ಕೇಳಿ ತಿಳಿದುಕೊಳ್ಳುತ್ತದೆ, ಹಾಗಾಗಿ ಈ ತಪ್ಪು ಎದ್ದು ಕಾಣುವುದೂ ಇಲ್ಲ, ಸುಮ್ಮನೆ ಖಾತೆಯಲ್ಲಿ ಕೂತುಬಿಡುತ್ತದೆ. ಅದರಲ್ಲೂ ದಿನಾಂಕದ ಈ ಸೆಟ್ಟಿಂಗ್ ಬಳಕೆದಾರನಿಗೊಂದರಂತೆ ಇರುವುದರಿಂದ ಅಡ್ಮಿನ್ ಖಾತೆಯಲ್ಲಿ ಸರಿಪಡಿಸಿದರೆ ಸಾಲದು. ಮುಂದೆ ಸೇರುವವರಿಗೂ ಅದೇ ಬರುವಂತೆ ಮೂಲ ಪ್ರೊಫೈಲಿನಲ್ಲೇ ತಿದ್ದಿಡಬೇಕು.

ಹಳೆಯ ಪ್ರೋಗ್ರಾಂಗಳಿಗೆ ಇನ್ನೊಂದು ಚಾಳಿ. ತಮ್ಮ ಸೆಟ್ಟಿಂಗನ್ನು ವಿಂಡೋಸ್ ಫೋಲ್ಡರಿನಲ್ಲೇ ಒಂದು ಚಿಕ್ಕ ಕಡತ ಮಾಡಿ ಬರೆದಿಡುತ್ತವೆ. ಹತ್ತು ಜನಕ್ಕೆ ಒಂದೇ ಕಡತವಾದರೆ ಒಬ್ಬ ಪ್ರಿಂಟರ್ ಬದಲಿಸಿದಾಗ ಒಂಬತ್ತು ಜನರ ಪ್ರಿಂಟರ್ ಬದಲಾಗುತ್ತದೆ. ಟರ್ಮಿನಲ್ ಸರ್ವರ್ ಬರೆದವರು ಇದನ್ನು ಮೊದಲೇ ಯೋಚಿಸಿದ್ದರು. ಪ್ರೋಗ್ರಾಂ ಹಾಕುವ ಮುನ್ನ ‘ಚೇಂಜ್ ಯೂಸರ್’ ಎಂಬ ಆಜ್ಞೆಯಿಂದ ಸರ್ವರನ್ನು ಇನ್‌ಸ್ಟಾಲ್ ಸ್ಥಿತಿಗೆ ತರಬೇಕು, ಹಾಕಿ ಮುಗಿದ ಮೇಲೆ ಎಕ್ಸಿಕ್ಯೂಟ್ ಸ್ಥಿತಿಗೆ ಮರಳಿಸಬೇಕು. ಆಗ ಸರ್ವರ್ ಆ ಕಡತದ ಪ್ರತಿಯನ್ನು ಒಬ್ಬೊಬ್ಬರ ಮನೆಫೋಲ್ಡರಿಗೂ ಇಳಿಸುತ್ತದೆ. ಪ್ರೋಗ್ರಾಂ ತಾನು ವಿಂಡೋಸ್ ಫೋಲ್ಡರಿಗೇ ಬರೆಯುತ್ತಿದ್ದೇನೆ ಎಂದು ನಂಬಿಕೊಂಡಿರುತ್ತದೆ, ಬರೆದದ್ದು ಹೋಗಿ ಸೇರುವುದು ಆಯಾ ಬಳಕೆದಾರನ ಜಾಗಕ್ಕೆ. ಪ್ರೋಗ್ರಾಮಿನ ಒಂದು ಸಾಲನ್ನೂ ಮುಟ್ಟದೆ ಮಾಡಿದ ಈ ಸಜ್ಜನ ಮೋಸವನ್ನು ನಾನು ಎಷ್ಟು ಸಲ ಮೆಚ್ಚಿದ್ದೇನೋ ಲೆಕ್ಕವಿಲ್ಲ. ಫಾಕ್ಸ್‌ಪ್ರೋದ ತಾತ್ಕಾಲಿಕ ಕಡತಗಳಿಗೂ ಇಂಥದೇ ಎಚ್ಚರ ಬೇಕು. ‘ಟೆಂಪ್1’ ಎಂಬ ಹೆಸರಿನಲ್ಲಿ ಇಬ್ಬರ ವರದಿಯೂ ತಯಾರಾದರೆ ಒಬ್ಬರ ಬಾಕಿ ಪಟ್ಟಿ ಇನ್ನೊಬ್ಬರ ಪರದೆಯಲ್ಲಿ ಮೂಡುತ್ತದೆ. ಸೆಷನ್ನಿಗೊಂದು ಬೇರೆ ಟೆಂಪ್ ಫೋಲ್ಡರ್ ಕೊಡುವುದು ಪರಿಹಾರ. ಡಾಸ್ ಕಾಲದ ಫಾಕ್ಸ್‌ಪ್ರೋ ಆಗಿದ್ದರೆ ಕಷ್ಟ ಇನ್ನೂ ಹೆಚ್ಚು. 64 ಬಿಟ್ಟಿನ ವಿಂಡೋಸ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ, ಮಧ್ಯೆ ಡಾಸ್‌ಬಾಕ್ಸಿನಂಥ ಇನ್ನೊಂದು ವೇಷಧಾರಿ ಬೇಕು.

ಕನ್ನಡದ ವಿಷಯದಲ್ಲಿ ಅನೇಕರು ಎಡವುತ್ತಾರೆ. ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ಇದೆ, ಅಲ್ಲಿ ಸೊಗಸಾಗಿ ಕನ್ನಡ ಮೂಡುತ್ತದೆ, ರಿಮೋಟ್ ಪರದೆಗೆ ಹೋದರೆ ಗೋಜಲು. ಅಕ್ಷರ ಬಿಡಿಸುತ್ತಿರುವುದು ಇಲ್ಲಿನ ಯಂತ್ರವಲ್ಲ, ಅಲ್ಲಿನದು. ಇಲ್ಲಿಂದ ಹೋಗುವುದು ‘ಈ ಕೀಲಿ ಒತ್ತಿದರು’ ಎಂಬ ಸುದ್ದಿ ಮಾತ್ರ, ಅದನ್ನು ಕನ್ನಡವಾಗಿ ತಿರುಗಿಸುವ ಕೀಲಿಮಣೆ ತಂತ್ರಾಂಶ, ತೋರಿಸುವ ಫಾಂಟ್ ಎರಡೂ ಸರ್ವರಿನಲ್ಲೇ ಇರಬೇಕು. ಒಮ್ಮೆ ಅಲ್ಲಿ ಹಾಕಿದರೆ ಹತ್ತೂ ಜನಕ್ಕೆ ಕನ್ನಡ ಬಂತು. ಯಾರ ಕಂಪ್ಯೂಟರಿನಲ್ಲಿ ಯಾವ ಫಾಂಟ್ ಇದೆ ಎಂದು ಮತ್ತೆ ಕೇಳಬೇಕಿಲ್ಲ.

ಮುದ್ರಣ ಮಾತ್ರ ಈ ಕಸುಬಿನ ತಲೆನೋವು. ಲೇಸರ್ ಪ್ರಿಂಟರ್ ಆದರೆ ಅಷ್ಟು ತೊಂದರೆಯಿಲ್ಲ. 2008ರ ವಿಂಡೋಸ್ ಸರ್ವರಿನಿಂದ ಈಚೆಗೆ ಪ್ರತಿ ಪ್ರಿಂಟರಿನ ಡ್ರೈವರನ್ನೂ ಸರ್ವರಿಗೆ ತುಂಬುವ ಕಷ್ಟ ತಪ್ಪಿದೆ. ಆದರೆ ನಮ್ಮ ಕಡೆಯ ಮಿಲ್, ಗೋದಾಮುಗಳಲ್ಲಿ ಇನ್ನೂ ಕರ್ಕಶವಾಗಿ ಕೂಗುತ್ತಿರುವುದು ಟಿವಿಎಸ್‌ನ ಡಾಟ್ ಮ್ಯಾಟ್ರಿಕ್ಸ್. ಕಾರ್ಬನ್ ಹಾಕಿ ಮೂರು ಪ್ರತಿ ತೆಗೆಯಬೇಕು, ಅದಕ್ಕೆ ಅದೇ ಸೈ. ಅದಕ್ಕೆ ಅಕ್ಷರ ಕಳಿಸಿದರೆ ಸರಸರನೆ ಹೊಡೆಯುತ್ತದೆ, ಚಿತ್ರ ಕಳಿಸಿದರೆ ಒಂದು ಸಾಲಿಗೆ ನಾಲ್ಕು ಸಲ ಓಡಾಡುತ್ತದೆ. ರಿಮೋಟ್ ಪ್ರಿಂಟಿಂಗ್ ಸುಮ್ಮನೆ ಬಿಟ್ಟರೆ ಚಿತ್ರವನ್ನೇ ಕಳಿಸುತ್ತದೆ. ಲಾರಿ ಹೊರಗೆ ನಿಂತಿದೆ, ಚಾಲಕ ಹಾರ್ನ್ ಹೊಡೆಯುತ್ತಿದ್ದಾನೆ, ಬಿಲ್ ಇಲ್ಲಿ ಇಂಚಿಂಚಾಗಿ ಬರುತ್ತಿದೆ. ಬಲ್ಲವರು ಆಗ ಹಳೆಯ ಪ್ಯಾರಲಲ್ ಪೋರ್ಟಿನ ಹೆಸರನ್ನು ಸೆಷನ್ನಿನೊಳಗಿಂದ ಅಂಗಡಿಯ ಪ್ರಿಂಟರಿಗೆ ಜೋಡಿಸಿ ಬರೀ ಅಕ್ಷರವನ್ನೇ ಹಾಯಿಸುತ್ತಾರೆ. ವೇಬ್ರಿಡ್ಜಿನ ತೂಕವನ್ನು ಸೀರಿಯಲ್ ಪೋರ್ಟಿನಿಂದ ಸರ್ವರಿನವರೆಗೆ ಒಯ್ಯುವುದೂ ಹೀಗೇ ಸಾಧ್ಯ. ಡಿಜಿಟಲ್ ಸಹಿಯ ಡಾಂಗಲ್ ಮಾತ್ರ ಒಮ್ಮೆ ಕೇಳುತ್ತದೆ, ಒಮ್ಮೆ ಹಟ ಹಿಡಿಯುತ್ತದೆ. ಸಹಿ ಮಾಡುವ ಕೆಲಸವನ್ನು ಅಂಗಡಿಯ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವುದು ಲೇಸು.

ಇಷ್ಟೆಲ್ಲ ಸರಿಯಾಗಿ ಕೂಡಿದ ಮೇಲೆ ಒಂದು ಮಧ್ಯಾಹ್ನ ಕರೆಂಟ್ ಹೋಗುತ್ತದೆ. ಹುಡುಗ ಎಂಟು ಐಟಂನ ಬಿಲ್ಲಿನಲ್ಲಿ ಐದನೆಯದರ ದರ ಟೈಪ್ ಮಾಡುತ್ತಿದ್ದ. ಪರದೆ ಕಪ್ಪಾಯಿತು. ಯುಪಿಎಸ್ ಬ್ಯಾಟರಿ ಯಾವಾಗಲೋ ಸತ್ತಿದೆ. ಅರ್ಧ ಗಂಟೆಯ ಮೇಲೆ ಕರೆಂಟ್ ಬಂದು, ಕಂಪ್ಯೂಟರ್ ಏಳಿಸಿ, ಮತ್ತೆ ಲಾಗಿನ್ ಆದರೆ ಅದೇ ಬಿಲ್, ಅದೇ ಐದನೇ ಸಾಲು, ಅರ್ಧ ಟೈಪಾದ ಅದೇ ದರ, ಮುಂದೆ ಮಿನುಗುವ ಕರ್ಸರ್. ಸರ್ವರಿಗೆ ಕರೆಂಟ್ ಹೋಗಿಯೇ ಇರಲಿಲ್ಲ. ಸಂಪರ್ಕ ಕಡಿದ ಸೆಷನ್ನನ್ನು ಅದು ಹಾಗೇ ಕಾದಿಟ್ಟಿತ್ತು. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳ ಕರೆಂಟ್ ಬಲ್ಲವರಿಗೆ ಇದೊಂದೇ ಗುಣ ಸಾಕು, ಉಳಿದದ್ದೆಲ್ಲ ಮೇಲಿನ ಲಾಭ. ಹೀಗೆ ಕಡಿದ ಸೆಷನ್ನನ್ನು ಎಷ್ಟು ಹೊತ್ತು ಕಾಯಬೇಕು ಎಂಬುದನ್ನೂ ಕಸುಬುದಾರನೇ ಗೊತ್ತು ಮಾಡಬೇಕು. ಹತ್ತು ನಿಮಿಷ ಎಂದಿಟ್ಟರೆ ಬಿಲ್ ಹೋಯಿತು. ಮಿತಿಯೇ ಇಲ್ಲದಂತೆ ಬಿಟ್ಟರೆ ಮನೆಗೆ ಹೋದವರ ಸೆಷನ್‌ಗಳೆಲ್ಲ ಮೆಮೊರಿ ತಿನ್ನುತ್ತ ಕೂರುತ್ತವೆ. ಒಬ್ಬ ಬಳಕೆದಾರನಿಗೆ ಅರ್ಧದಿಂದ ಒಂದು ಜಿಬಿ ಮೆಮೊರಿ ಎಂದು ಹಿಡಿದು, 20ನೇ ತಾರೀಖಿನ ಗಡಿಬಿಡಿಗೆಂದು ಇನ್ನಷ್ಟು ಮೀಸಲು ಇಟ್ಟುಕೊಳ್ಳುವುದು ಅನುಭವದ ಲೆಕ್ಕ. ಯಾರೋ ಒಬ್ಬರು ಇಡೀ ವರ್ಷದ ಡೇಬುಕ್ ತೆಗೆಯಲು ಕೂತರೆ ಉಳಿದವರ ಕೀಲಿ ನಿಧಾನವಾಗಬಾರದು. ಈಚಿನ ಸರ್ವರ್‌ಗಳು ಪ್ರೊಸೆಸರಿನ ಪಾಲನ್ನು ಸೆಷನ್‌ಗಳಿಗೆ ಸಮನಾಗಿ ಹಂಚುತ್ತವೆ, ಆದರೆ ಡಿಸ್ಕ್ ಮಂದವಿದ್ದರೆ ಯಾವ ಹಂಚಿಕೆಯೂ ಕಾಪಾಡದು.

ಲೆಕ್ಕ ಅಲ್ಲಿರುವಾಗ ಇಲ್ಲಿ ದೊಡ್ಡ ಕಂಪ್ಯೂಟರ್ ಯಾಕೆ? ಅದಕ್ಕೇ ಥಿನ್ ಕ್ಲೈಂಟ್ ಎಂಬ ಡಬ್ಬಿ. ಹಾರ್ಡ್‌ಡಿಸ್ಕ್ ಇಲ್ಲ, ಹೆಚ್ಚಿನವಕ್ಕೆ ಫ್ಯಾನೂ ಇಲ್ಲ, ವಿದ್ಯುತ್ ಒಂದು ಸಣ್ಣ ಬಲ್ಬಿನಷ್ಟು. ಬೆಂಗಳೂರಿನ ವಿಎಕ್ಸ್‌ಎಲ್ ಇನ್‌ಸ್ಟ್ರುಮೆಂಟ್ಸ್ ಇಂಥವನ್ನು ತಯಾರಿಸಿ ಹೆಸರು ಮಾಡಿದ ಕಂಪನಿ. ಫ್ಯಾನ್ ಇಲ್ಲದಿರುವುದು ಬೇರೆಡೆ ಸಣ್ಣ ಸಂಗತಿ, ರೈಸ್ ಮಿಲ್ಲಿನಲ್ಲಿ ಹಾಗಲ್ಲ. ಗಾಳಿಯಲ್ಲಿ ತವುಡಿನ ದೂಳು ತೇಲುವ ಕಡೆ ಸಾಮಾನ್ಯ ಕಂಪ್ಯೂಟರಿನ ಫ್ಯಾನ್ ಆ ದೂಳನ್ನೆಲ್ಲ ಒಳಗೆಳೆದು ಕಂಬಳಿ ಹೊದೆಸಿದಂತೆ ಮಾಡುತ್ತದೆ. ಏಪ್ರಿಲ್ ಬಿಸಿಲಿಗೆ ಅದು ತಾನಾಗಿ ಆರಿಹೋಗುತ್ತದೆ. ಥಿನ್ ಕ್ಲೈಂಟ್ ಅಂಥ ಕಡೆ ನೆಮ್ಮದಿಯಾಗಿ ಬಾಳುತ್ತದೆ. ಕಳ್ಳ ಹೊತ್ತೊಯ್ದರೂ ಒಂದು ರೂಪಾಯಿಯ ಲೆಕ್ಕ ಅವನ ಕೈಗೆ ಸಿಗದು.

ಖರ್ಚು ಉಳಿಸಲು ಪೇಟೆಯಲ್ಲಿ ನಡೆಯುವ ಒಂದು ಆಟದ ಬಗ್ಗೆ ಎಚ್ಚರಿಸಬೇಕು. ಹಲವರು ಒಟ್ಟಿಗೆ ಸೆಷನ್ ತೆರೆಯಬೇಕಾದರೆ ವಿಂಡೋಸ್ ಸರ್ವರಿನ ಮೇಲೆ ತಲೆಗೊಂದು ಅಥವಾ ಯಂತ್ರಕ್ಕೊಂದರಂತೆ ಪರವಾನಗಿ ಬೇಕು. ಮೊದಲ 120 ದಿನ ಸರ್ವರ್ ತಕರಾರು ಮಾಡುವುದಿಲ್ಲ. ಅಷ್ಟು ದಿನ ನಡೆಸಿ, ಹಣ ತೆಗೆದುಕೊಂಡು, ಆಮೇಲೆ ಫೋನ್ ಎತ್ತದವರಿದ್ದಾರೆ. ಸಾಮಾನ್ಯ ವಿಂಡೋಸ್‌ನ ಕಡತವೊಂದನ್ನು ತಿರುಚಿ ಹತ್ತು ಜನರನ್ನು ಒಳಬಿಡುವವರೂ ಇದ್ದಾರೆ. ಮುಂದಿನ ಅಪ್‌ಡೇಟ್ ಬಂದ ದಿನ ಹತ್ತೂ ಜನ ಹೊರಗೆ. ಟ್ಯಾಲಿಯೂ ಹಾಗೆಯೇ, ಹಲವರು ಬಳಸಲು ಸಿಲ್ವರ್ ಸಾಲದು, ಗೋಲ್ಡ್ ಬೇಕು.

ಪರವಾನಗಿಗಿಂತ ದೊಡ್ಡದು ಬಾಗಿಲಿನ ಪ್ರಶ್ನೆ. ಆರ್‌ಡಿಪಿ ಕಾದು ಕೂರುವ ಬಾಗಿಲು 3389. ಅದನ್ನು ನೇರ ಇಂಟರ್ನೆಟ್ಟಿಗೆ ತೆರೆದಿಟ್ಟರೆ ಜಗತ್ತಿನ ಮೂಲೆಮೂಲೆಯಿಂದ ಯಂತ್ರಗಳು ಬಂದು ಹಗಲಿರುಳು ಪಾಸ್‌ವರ್ಡ್ ಊಹಿಸುತ್ತವೆ. ಪಾಸ್‌ವರ್ಡ್ ‘ಅಂಗಡಿ ಹೆಸರು 123’ ಆಗಿದ್ದರೆ ಬಹಳ ಹೊತ್ತು ಊಹಿಸಬೇಕಿಲ್ಲ. 2019ರ ಮೇ ತಿಂಗಳಲ್ಲಿ ಹೊರಬಿದ್ದ ಬ್ಲೂಕೀಪ್ ಎಂಬ ದೋಷಕ್ಕೆ ಪಾಸ್‌ವರ್ಡೂ ಬೇಕಿರಲಿಲ್ಲ. ಎಂದೋ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತೇಪೆ ಬಿಡುಗಡೆ ಮಾಡಿತು, ಅಷ್ಟು ಗಾಬರಿ. ಒಳನುಗ್ಗಿದವರು ಡೇಟಾ ಫೋಲ್ಡರಿಗೆ ಬೀಗ ಹಾಕಿ ಹಣ ಕೇಳುತ್ತಾರೆ, ಅದೇ ಸರ್ವರಿನಲ್ಲಿಟ್ಟ ಬ್ಯಾಕಪ್ಪಿಗೂ ಬೀಗ ಬಿದ್ದಿರುತ್ತದೆ. ವಿಪಿಎನ್ ಅಥವಾ ಗೇಟ್‌ವೇ ಹಿಂದೆ ಸರ್ವರನ್ನು ಕೂರಿಸುವುದು, ಐದು ಸಲ ತಪ್ಪಿದರೆ ಖಾತೆ ಮುಚ್ಚುವುದು, ಮೊಬೈಲಿಗೆ ಬರುವ ಎರಡನೇ ಸಂಕೇತ ಕೇಳುವುದು, ಇವನ್ನು ಮಾಡದವನನ್ನು ನಾನು ಕಸುಬುದಾರ ಎಂದು ಕರೆಯಲಾರೆ.

ಎಲ್ಲವೂ ಬ್ರೌಸರಿನಲ್ಲೇ ನಡೆಯುವ ಕಾಲದಲ್ಲಿ ಇದು ಹಳೆಯ ದಾರಿಯಲ್ಲವೇ ಎಂದರೆ, ಹೌದು. ರಾಜ್ಯದ ಜಮೀನು ದಾಖಲೆಗಳ ‘ಭೂಮಿ’ ಯೋಜನೆಯನ್ನೇ ನೋಡಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ಒಂದೊಂದು ತಾಲೂಕು ಕಚೇರಿಯಲ್ಲೂ ಅದರದೇ ಸರ್ವರ್ ಇತ್ತು. ಕುಷ್ಟಗಿಯ ಪಹಣಿಗೆ ಕುಷ್ಟಗಿಗೇ ಹೋಗಬೇಕಿತ್ತು. ಈಗ ಮೊಬೈಲಿನಲ್ಲೇ ಕಾಣುತ್ತದೆ. ಆದರೆ ಅದರ ಹಿಂದೆ ಸರ್ಕಾರದ ಬೊಕ್ಕಸ, ಕೇಂದ್ರ ಸರ್ಕಾರದ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಎಂಜಿನಿಯರುಗಳು, ವರ್ಷಗಟ್ಟಲೆಯ ಮರುಬರವಣಿಗೆ ಇದೆ. ಅಂಗಡಿಯವರ ಬಳಿ ಇರುವುದು ಹದಿನೈದು ವರ್ಷದ ಹಿಂದೆ ಬರೆಸಿದ ದಲಾಲಿ ಪ್ರೋಗ್ರಾಂ. ಬರೆದವನು ಈಗ ಪುಣೆಯಲ್ಲಿ ಬೇರೆ ಕೆಲಸದಲ್ಲಿದ್ದಾನೆ, ಸೋರ್ಸ್ ಕೋಡ್ ಎಲ್ಲಿದೆಯೋ ಅವನಿಗೇ ಮರೆತಿದೆ. ಅಂಥ ಅಂಗಡಿಗೆ ಹೊಸದಾಗಿ ಬರೆಸಿ ಎಂದು ಉಪದೇಶ ಮಾಡುವುದು ಸುಲಭ. ಆ ಪ್ರೋಗ್ರಾಂ ಅವರ ವ್ಯವಹಾರದ ಎಲ್ಲ ಸೂಕ್ಷ್ಮ ಬಲ್ಲದು: ಹಮಾಲಿ, ತೂಕದ ಕಡಿತ, ಮುಂಗಡ, ಬಡ್ಡಿ. ಅದನ್ನು ಹಾಗೇ ಉಳಿಸಿಕೊಂಡು ನಾಲ್ಕು ಊರಿಗೆ ತಲುಪಿಸುವ ದಾರಿ ಇದೊಂದೇ, ಮತ್ತು ಇನ್ನೂ ಹಲವು ವರ್ಷ ಇದೇ.

ಈ ವ್ಯವಸ್ಥೆ ಮಾಡಿಸಿಕೊಳ್ಳಲು ಹೊರಟವರಿಗೆ ಒಂದು ಮಾತು. ತಿಂಗಳ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ನನ್ನ ಡೇಟಾ ಯಾವ ಊರಿನಲ್ಲಿ ಇರುತ್ತದೆ, ಪ್ರತಿದಿನದ ಬ್ಯಾಕಪ್ ಆ ಸರ್ವರ್ ಬಿಟ್ಟು ಬೇರೆಲ್ಲಿ ಹೋಗುತ್ತದೆ ಎಂದು ಕೇಳಿ. ನಿಮ್ಮದು ನೋಂದಾಯಿತ ಕಂಪನಿಯಾಗಿದ್ದರೆ ದಿನಕ್ಕೊಂದು ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿರಬೇಕು ಎಂದು 2022ರಿಂದ ಕಾನೂನೇ ಹೇಳುತ್ತದೆ. ಆಮೇಲೆ ನಿನ್ನೆಯ ಬ್ಯಾಕಪ್ಪನ್ನು ನಿಮ್ಮ ಕಣ್ಣೆದುರೇ ಬೇರೆ ಕಂಪ್ಯೂಟರಿನಲ್ಲಿ ತೆರೆದು ತೋರಿಸಲು ಹೇಳಿ. ತೋರಿಸಿದರೆ ಮುಂಗಡ ಕೊಡಿ, ಇಲ್ಲದಿದ್ದರೆ ಇನ್ನೊಬ್ಬರನ್ನು ಹುಡುಕಿ.